ಒಂದು ಕಿಲೋ ಕೊಸರು

ಬಾಲಸುಬ್ರಹ್ಮಣ್ಯ ಮಾಸ್ಟ್ರು ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪುಂಜಾಲಕಟ್ಟೆಯ ನನ್ನ ಒಲೆ ರಿಪೇರಿ ಅಂಗಡಿಗೆ ಬರುತ್ತಿದ್ದರು. ಅವರ ಬಳಿ ರಿಪೇರಿಗೆ ಏನೂ ಇರುತ್ತಿರಲಿಲ್ಲ. ಮನೆಯಲ್ಲಿ ಕಟ್ಟಿಗೆ ಒಲೆ. ಬಂದವರು ಚಪ್ಪಲಿ ಕಳಚಿ, ಗೋಡೆಗೆ ತಾಗಿಸಿಟ್ಟ ಗ್ಯಾಸ್ ಒಲೆಗಳ ಎದುರು ನಿಂತು, ಒಂದೊಂದರ ತಿರುಪನ್ನೂ ಹಿಡಿದು ಬಂದ್ ಇದೆಯೇ ಎಂದು ನೋಡುತ್ತಿದ್ದರು. ಆ ಒಲೆಗಳಿಗೆ ಗ್ಯಾಸಿನ ಸಂಬಂಧವೇ ಇರಲಿಲ್ಲ, ಬರೀ ತಗಡು. ಆದರೂ ಕೊನೆಯದನ್ನು ಮುಟ್ಟುವವರೆಗೆ ಅವರು ಬೆಂಚಿನ ಮೇಲೆ ಕೂರುತ್ತಿರಲಿಲ್ಲ.

ಆರು ವರ್ಷ ಹೀಗೇ ನಡೆಯಿತು. ತಮ್ಮ ಕೈತಪ್ಪಿನಿಂದ ಹೆಂಡತಿ ತುಂಗಮ್ಮ ಸತ್ತರು ಎಂದು ಅವರು ನಂಬಿದ್ದರು. ಒಲೆ ಆರಿಸಿದ ಮೇಲೆ ಗ್ಯಾಸ್ ಅಂಡೆಯ, ಅಂದರೆ ಸಿಲಿಂಡರಿನ, ತಿರುಪು ಬಂದ್ ಮಾಡಲು ಮರೆತೆ ಎಂದು. ಅವರು ಮರೆತಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಶನಿವಾರ ಶನಿವಾರ ಅವರಿಗೆ ಚಾ ತರಿಸಿ ಕೊಡುತ್ತಿದ್ದೆ.

ನಾನು ಬಹರೈನಿನಲ್ಲಿ ಏಳು ವರ್ಷ ಗ್ಯಾಸ್ ತುಂಬಿಸುವ ಕೆಲಸ ಮಾಡಿ ಬಂದವನು. ಅಲ್ಲಿನ ಮೇಸ್ತ್ರಿ ಮೊದಲ ದಿನವೇ ಅಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದ. ಐದು ಪಾಲಿನಲ್ಲಿ ನಾಲ್ಕು ಪಾಲು ಮಾತ್ರ ತುಂಬಿಸಬೇಕು, ಒಂದು ಪಾಲು ಖಾಲಿ. ಬಿಸಿಲಿಗೆ ಒಳಗಿನ ದ್ರವ ಉಬ್ಬುತ್ತದೆ, ಅದಕ್ಕೆ ಜಾಗ ಬೇಕು. ಊರಿಗೆ ಬಂದು ಅಂಗಡಿ ಹಾಕಿದಾಗ ಅದನ್ನೇ ಪಾಲಿಸಿದೆ. ಸಣ್ಣ ಅಂಡೆ ತುಂಬಿಸುವುದು ಕಾನೂನಿಗೆ ಸರಿಯಲ್ಲ, ಕೇಳುವವರೂ ಇರಲಿಲ್ಲ. ಹಿತ್ತಲಿನ ಬಯಲಿನಲ್ಲಿ ದೊಡ್ಡ ಅಂಡೆಯನ್ನು ತಲೆಕೆಳಗು ನಿಲ್ಲಿಸಿ, ಸಣ್ಣದನ್ನು ತಕ್ಕಡಿಯಲ್ಲಿಟ್ಟು, ನಡುವೆ ಪೈಪು ಜೋಡಿಸಿ, ತೂಕ ನೋಡಿ ನಿಲ್ಲಿಸುತ್ತಿದ್ದೆ. ಆಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಬೀಡಿ ಸೇದುವವರನ್ನು ರಸ್ತೆಯ ಆಚೆಗೆ ಓಡಿಸುತ್ತಿದ್ದೆ. ನನ್ನ ಬಾಯಿ ಒಳ್ಳೆಯದಲ್ಲ, ಎಲ್ಲರಿಗೂ ಗೊತ್ತು.

ಆ ತಕ್ಕಡಿ ನನ್ನ ಅಪ್ಪ ಮುಂಡಪ್ಪನದು. ಬಂಟ್ವಾಳ ಪೇಟೆಯಲ್ಲಿ ಮೂವತ್ತು ವರ್ಷ ಅಡಿಕೆ, ಕರಿಮೆಣಸು ತೂಗಿದವರು. ತೂಗಿದ ಮೇಲೆ ಒಂದು ಮುಷ್ಟಿ ಕೊಸರು ಹಾಕದೆ ಅವರು ಯಾರನ್ನೂ ಕಳಿಸಿದ್ದಿಲ್ಲ. ತಕ್ಕಡಿ ಸಮ ನಿಂತರೆ ವ್ಯಾಪಾರ, ಗಿರಾಕಿಯ ಕಡೆಗೆ ತುಸು ಬಾಗಿದರೆ ಮರ್ಯಾದೆ ಎನ್ನುತ್ತಿದ್ದರು. ಆ ಮಾತು ಕೇಳುತ್ತ ಬೆಳೆದವನು ನಾನು.

ಎಂಬತ್ತೆರಡರ ಏಪ್ರಿಲ್‌ನಲ್ಲಿ ಮಾಸ್ಟ್ರು ಕಾಶಿಗೆ ಹೊರಟರು. ತುಂಗಮ್ಮ ಮಡಿಯವರು. ಹೊರಗಿನ ಅನ್ನ ಮುಟ್ಟಿದವರಲ್ಲ, ಹೋಟೆಲಿನ ನೀರೂ ಕುಡಿದವರಲ್ಲ. ಕಾಶಿ ನೋಡಬೇಕು, ಆದರೆ ದಾರಿಯಲ್ಲಿ ಉಣ್ಣುವುದೇನು? ಅದಕ್ಕೇ ಮಾಸ್ಟ್ರು ಹಳೆಯ ಮಟಡೋರ್ ವ್ಯಾನೊಂದನ್ನು ಕೊಂಡು, ಬೆಳ್ತಂಗಡಿಯ ಬಡಗಿಯಿಂದ ಅದರೊಳಗೆ ಮಂಚ, ಪಾತ್ರೆಯ ಕಪಾಟು, ದೇವರ ಫೋಟೋಕ್ಕೊಂದು ಗೂಡು ಮಾಡಿಸಿದರು. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತರು. ಊರೆಲ್ಲ ನಕ್ಕಿತು. ಎರಡು ತಿಂಗಳಿಗೆ ಆ ವ್ಯಾನೇ ಮನೆ. ಒಲೆ, ಐದು ಕಿಲೋದ ಅಂಡೆ ನಾನೇ ಕೂಡಿಸಿ ಕೊಟ್ಟೆ.

ಖಾಲಿ ಅಂಡೆ ಆರು ಕಿಲೋ, ಗ್ಯಾಸು ಐದು. ಐದು ಕಿಲೋ ಅಂದರೆ ಆ ನಾಲ್ಕು ಪಾಲು. ಹನ್ನೊಂದಕ್ಕೆ ನಿಲ್ಲಿಸಬೇಕು. ಹನ್ನೊಂದಕ್ಕೆ ತಕ್ಕಡಿ ಸಮ ನಿಂತಿತು. ನನ್ನ ಕೈ ತಿರುಪಿನ ಮೇಲೆ ಇತ್ತು. ಐದನೇ ಕ್ಲಾಸಿನಲ್ಲಿ ನಾನು ಶಾಲೆ ಬಿಟ್ಟಾಗ ಈ ಮಾಸ್ಟ್ರು ಮನೆಗೆ ಬಂದು ಅಪ್ಪನ ಎದುರು ಕೈಮುಗಿದು ನನ್ನನ್ನು ಮತ್ತೆ ಕರೆದುಕೊಂಡು ಹೋದವರು. ಕಾಶಿ ದೂರ, ದಾರಿಯಲ್ಲಿ ತುಂಬಿಸಿ ಕೊಡುವವರು ಯಾರು? ಅವರಿಗೆ ಸಮ ತೂಗಿ ಕೊಡುವುದೇ? ಹನ್ನೆರಡಕ್ಕೆ ನಿಲ್ಲಿಸಿದೆ. ಒಂದು ಕಿಲೋ ಕೊಸರು. ಅವರಿಗೆ ಹೇಳಲೂ ಇಲ್ಲ. ಕೊಸರು ಹಾಕಿದೆ ಎಂದು ಹೇಳಿ ತೋರಿಸುವುದು ಮರ್ಯಾದೆಯಲ್ಲ.

ಅವರು ಹೊರಟು, ದಾರಿಯಲ್ಲಿ ಮರದ ಅಡಿ ನಿಲ್ಲಿಸಿ ಕಾಫಿ ಮಾಡಿ ಕುಡಿದು, ಮಧ್ಯಾಹ್ನ ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ ತುಂಗಮ್ಮನ ಅಣ್ಣ ಶ್ರೀಕೃಷ್ಣ ಭಟ್ಟರ ಮನೆಗೆ ತಲುಪಿದರು. ವ್ಯಾನು ಗದ್ದೆಯ ಬದಿಯ ಬಿಸಿಲಿನಲ್ಲಿ ಸಂಜೆಯವರೆಗೆ ಬಾಗಿಲು, ಕಿಟಕಿ ಹಾಕಿಕೊಂಡು ನಿಂತಿತ್ತು. ಅಂಡೆ ಒಡೆಯದಿರಲಿ ಎಂದು ಅದರ ತಲೆಯಲ್ಲಿ ಒಂದು ಸಣ್ಣ ಬಾಯಿ ಇರುತ್ತದೆ. ಒತ್ತಡ ಮೀರಿದರೆ ತಾನೇ ತೆರೆದು ಗ್ಯಾಸು ಹೊರಗೆ ಬಿಡುತ್ತದೆ. ಅದು ಅದರ ಕೆಲಸ ಮಾಡಿತು. ಗ್ಯಾಸು ಮೇಲೇಳುವುದಿಲ್ಲ, ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತದೆ. ದೀಪ ಹಚ್ಚುವ ಹೊತ್ತಿಗೆ ತುಂಗಮ್ಮ ತವರಿನ ದೇವರ ಕೋಣೆಯಿಂದ ಉರಿಯುವ ದೀಪ ಹಿಡಿದುಕೊಂಡು ಬಂದರು. ತವರಿನ ದೀಪದಿಂದ ವ್ಯಾನಿನ ದೀಪ ಹಚ್ಚಿದರೆ ಅದೂ ಮನೆಯಾಗುತ್ತದೆ ಎಂದು ಅವರ ಆಸೆ. ಬಾಗಿಲು ತೆರೆದರು.

ಮೂರನೆಯ ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಗ್ಯಾಸು ಬಲ್ಲವನೆಂದು ನನ್ನನ್ನೇ ತೋಡಾರಿಗೆ ಕರೆಸಿದರು. ಸುಟ್ಟ ವ್ಯಾನಿನೊಳಗೆ ಅಂಡೆ ಇದ್ದಲ್ಲೇ ಇತ್ತು. ತಿರುಪಿಗೆ ಕೈ ಹಾಕಿದೆ. ಬಂದ್ ಇತ್ತು, ಗಟ್ಟಿಯಾಗಿ. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ದವಡೆಯ ಹಾಗೆ ಆಗಿಬಿಟ್ಟೆ, ಮತ್ತೆ ಅದು ಹೋಗಲೇ ಇಲ್ಲ. ಜಗಲಿಯಲ್ಲಿ ಮಾಸ್ಟ್ರು ಪೊಲೀಸರಿಗೆ, ಕಾಫಿ ಮಾಡಿದವನು ನಾನು, ಬಂದ್ ಮಾಡಿದ ನೆನಪು ಇಲ್ಲ ಎಂದು ಹೇಳುತ್ತಿದ್ದರು. ನನ್ನನ್ನು ಕೇಳಿದಾಗ, ಸುಟ್ಟ ಅಂಡೆಯಲ್ಲಿ ಏನು ಗೊತ್ತಾಗುತ್ತದೆ ಎಂದೆ. ಅಷ್ಟೇ ಸಾಕಾಯಿತು. ಶ್ರೀಕೃಷ್ಣ ಭಟ್ಟರು ಭಾವನ ಮುಖ ನೋಡುವುದು ಬಿಟ್ಟರು, ಹದಿಮೂರನೆಯ ದಿನಕ್ಕೂ ಬರಲಿಲ್ಲ.

ನಾನು ಅಂಗಡಿ ಮುಚ್ಚಲಿಲ್ಲ. ಅಂಡೆ ತುಂಬಿಸುವುದನ್ನೂ ಬಿಡಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರೆ. ಕೂದಲೆಳೆಯಷ್ಟೂ ಹೆಚ್ಚು ಕೊಡದೆ ತೂಗಿದೆ. ಮುಂಡಪ್ಪನ ಮಗ ಜಿಪುಣ ಎಂದು ಹೆಸರು ಬಂತು. ಬರಲಿ ಎಂದುಕೊಂಡೆ.

ಕಳೆದ ಶನಿವಾರ ಕನ್ಯಾನದ ಬದ್ರುದ್ದೀನ್ ಬಂದ. ತಾಯಿ ಖತೀಜಮ್ಮನನ್ನು ಅಜ್ಮೀರಿಗೆ ಕರೆದೊಯ್ಯಲು ವ್ಯಾನಿನಲ್ಲಿ ಮಂಚ, ಒಲೆ ಮಾಡಿಸಿದ್ದನಂತೆ. ಐದು ಕಿಲೋದ ಅಂಡೆ ಕೆಳಗಿಟ್ಟ. ಮಾಸ್ಟ್ರು ತಿರುಪುಗಳನ್ನೆಲ್ಲ ಮುಟ್ಟಿ ಮುಗಿಸಿ, ಹಿತ್ತಲಿನ ಬೆಂಚಿನಲ್ಲಿ ಕೂತಿದ್ದರು. ತಕ್ಕಡಿ ಹನ್ನೊಂದಕ್ಕೆ ಸಮ ನಿಂತಿತು. ನಾನು ಪೈಪು ತೆಗೆಯಲು ಹೋದೆ.

"ಅಜ್ಮೀರ್ ದೂರ ಉಂಟು ಸಂಕಪ್ಪಣ್ಣ, ಒಂಚೂರು ಕೊಸರು ಹಾಕಿ ಮಾರಾಯ್ರೆ," ಎಂದ ಬದ್ರುದ್ದೀನ್.

ಸಿಟ್ಟು ಎಲ್ಲಿತ್ತೋ ಗೊತ್ತಿಲ್ಲ. ಮಾಸ್ಟ್ರು ಅಲ್ಲಿದ್ದದ್ದು ಮರೆತುಹೋಗಿತ್ತು ಎಂದರೆ ಸುಳ್ಳಾದೀತು.

"ಒಮ್ಮೆ ಹಾಕಿದ್ದೇನೆ. ತುಂಗಮ್ಮ ಸತ್ತದ್ದು ಅದರಿಂದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬದ್ರುದ್ದೀನ್ ನನ್ನನ್ನೂ ಮಾಸ್ಟ್ರನ್ನೂ ನೋಡಿ ಹೊರಗೆ ರಸ್ತೆಗೆ ಹೋಗಿ ನಿಂತ.

"ಎಷ್ಟು?" ಎಂದು ಮಾಸ್ಟ್ರು ಕೇಳಿದರು. ಲೆಕ್ಕದ ಉತ್ತರ ಕೇಳುವಾಗಿನ ಅದೇ ಸ್ವರ.

"ಒಂದು ಕಿಲೋ."

"ಮತ್ತೆ ತಿರುಪು?"

"ಬಂದ್ ಇತ್ತು ಮಾಸ್ಟ್ರೆ. ನೀವು ಗಟ್ಟಿ ಬಂದ್ ಮಾಡಿದ್ದಿರಿ. ಬಿಡಿಸಲಿಕ್ಕೆ ನನಗೆ ಇಕ್ಕಳ ಬೇಕಾಯ್ತು."

ಅವರು ತಮ್ಮ ಬಲಗೈ ಎತ್ತಿ ನೋಡಿಕೊಂಡರು.

"ಹಾಗಾದರೆ ನಾನು ಬಂದ್ ಮಾಡಿದ್ದೆ," ಎಂದರು. ಆಮೇಲೆ, "ನಿನಗೆ ಅವತ್ತೇ ಗೊತ್ತಿತ್ತು," ಎಂದರು.

ಗೊತ್ತಿತ್ತು ಎಂದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ಮೂಡುಬಿದಿರೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಹನ್ನೊಂದೂಕಾಲಿಗೆ ಎಂದೆ. ಎದ್ದು ಅಂಗಡಿಯ ಒಳಗಿನಿಂದ ನಡೆದು, ಚಪ್ಪಲಿ ಹಾಕಿಕೊಂಡು ಹೋದರು. ಚಾ ಹಾಗೇ ಇತ್ತು.

ಬದ್ರುದ್ದೀನನ ಅಂಡೆಯನ್ನು ಹನ್ನೊಂದಕ್ಕೇ ನಿಲ್ಲಿಸಿ, ಪೈಪು ತೆಗೆದು, ಸಾಬೂನು ನೀರು ಹಚ್ಚಿ ನೋಡಿ, ವ್ಯಾನನ್ನು ನೆರಳಿನಲ್ಲೇ ನಿಲ್ಲಿಸು, ಕಿಟಕಿ ತೆರೆದಿಡು ಎಂದು ಎರಡು ಸಲ ಹೇಳಿ ಕಳಿಸಿದೆ.

ಇವತ್ತು ಮತ್ತೆ ಶನಿವಾರ. ಹತ್ತಾಯಿತು, ಹತ್ತೂವರೆಯಾಯಿತು, ಮಾಸ್ಟ್ರು ಬರಲಿಲ್ಲ. ಶ್ರೀಕೃಷ್ಣ ಭಟ್ಟರ ಮನೆಯಲ್ಲೇ ಉಳಿದಿದ್ದಾರಂತೆ, ಬಸ್ಸಿನ ಕಂಡಕ್ಟರ್ ಹೇಳಿದ. ನಾನು ಎದ್ದು ಹೋಗಿ ಗೋಡೆಯ ಪಕ್ಕದ ಒಲೆಗಳ ತಿರುಪನ್ನು ಒಂದೊಂದಾಗಿ ಹಿಡಿದು ನೋಡಿದೆ. ಎಲ್ಲ ಬಂದ್ ಇದ್ದವು. ಬಂದು ಕೂತೆ, ಮತ್ತೆ ಎದ್ದು ಹೋಗಿ ನೋಡಿದೆ.