ಪೂಜೆ ಕಟ್ಟಿದ ಪ್ರೆಸ್ಸು

ಒಂಬತ್ತು ದಿನ ಒಂದೇ ಸಮನೆ, ರೆಪ್ಪೆ ಬಡಿಯದೆ ತಗಡು ಒತ್ತುವ ಪ್ರೆಸ್ಸು ಓಡಿಸಿದವನು ನಾನು. ಹತ್ತನೆಯ ದಿನ ಮಷೀನೇ ಕೈಮುಗಿದು ರಜೆ ಕೇಳಿತು. ತಾರಿಹಾಳದಲ್ಲಿ ಯಾರನ್ನು ಬೇಕಾದರೂ ಕೇಳಿ, ಹುಚ್ಚಪ್ಪನ ಹೆಸರೆತ್ತಿದರೆ ಕಬ್ಬಿಣವೂ ಬೆವರುತ್ತದೆ.

ಬೆಂಗೇರಿಯ ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ಜಾವೀದನಂತೂ ಬಸಿಯಲ್ಲಿದ್ದ ಚಹಾ ಚೆಲ್ಲುವಂತೆ ನಕ್ಕ. ಅವನೀಗ ಬಸಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಬಲಗೈಯ ಎರಡು ಬೆರಳು ಹೋದ ತಿಂಗಳು ಅದೇ ಪ್ರೆಸ್ಸಿನಲ್ಲಿ ಉಳಿದವು.

ನಗಲಿ. ನಾನು ಕಥೆ ಮುಂದುವರಿಸಿದೆ.

ನಾವು ಮಾಡುವುದು ಬಾಗಿಲಿನ ಬಿಜಾಗ್ರಿ. ತಗಡು ಇಡು, ಪೆಡಲ್ ತುಳಿ, ಕೈ ತೆಗೆ. ಕೈ ಒಳಗೆ ಸಿಗಬಾರದೆಂದು ಮೊದಲು ಅಡ್ಡ ಒಂದು ಕಬ್ಬಿಣದ ಜಾಳಿ ಇತ್ತು. ಜಾಳಿಯಿಂದ ಕೆಲಸ ತಡವಾಗುತ್ತದೆಂದು ಸಾಹುಕಾರ ಶಂಭುಲಿಂಗ ಅದನ್ನು ಬಿಚ್ಚಿಸಿ, ತನ್ನ ಮನೆಯ ಪತ್ರಿಗಿಡಕ್ಕೆ ಆಡು ಬಾಯಿ ಹಾಕದಂತೆ ಬೇಲಿ ಮಾಡಿಸಿದ. ದೇವರ ಎಲೆಗಳು ಪಾರಾದವು.

ಜಾವೀದನ ಬೆರಳು ಹೋದ ಮೇಲೆ, ದಿನಕ್ಕೆ ಹದಿನಾರು ತಾಸು ದುಡಿದು ಕಾಲು ಬಾತ ನಾವೆಲ್ಲ ಜಾಳಿ ಕೇಳಿದೆವು. ಸಾಹುಕಾರ ನಮಗೆ ಬುದ್ಧಿ ಹೇಳಿಸಲು ಮಠದ ಅಯ್ಯನನ್ನು ಕರೆತಂದ. ಇದ್ದೊಂದು ಫ್ಯಾನನ್ನು ಶಿವಯೋಗೀಶಯ್ಯನ ಕಡೆ ತಿರುಗಿಸಲಾಯಿತು.

"ದಣಿವು ಮೈಗೆ ಅಲ್ರೋ, ಮನಸ್ಸಿಗೆ. ನಂಬಿಗಿ ಇದ್ದಾಂವಗ ದಣಿವಿಲ್ಲ. ನಂಬ್ರಿ, ದೇವ್ರು ಕೈ ಹಿಡೀತಾನ."

"ಹಿಡದಾನ್ರಿ ಅಯ್ಯಾರ. ಜಾವೀದಂದು ಎರಡು ಬೆರಳು ಇನ್ನೂ ಬಿಟ್ಟಿಲ್ಲ" ಎಂದಳು ಸಾವಂತ್ರೆವ್ವ, ತಗಡಿನ ಚೂರು ಗುಡಿಸುತ್ತ.

"ಬಾಯಿ ಮುಚ್ಚಬೇ ರಂಡಿ!" ಸಾಹುಕಾರ ಎದ್ದು ನಿಂತ. "ನಾಳಿಂದ ಅವನ ಜಾಗಾದಾಗ ನೀನ ಕುಂದ್ರು. ನಂಬಿಗಿ ಐತಿಲ್ಲೋ?"

"ಐತ್ರಿ ಸಾಹುಕಾರ್ರ."

ಮರುದಿನ ಬೆಳಿಗ್ಗೆ ನಾವು ಒಳಗೆ ಹೋದಾಗ ಪ್ರೆಸ್ಸು ಮದುವಣಗಿತ್ತಿಯಾಗಿತ್ತು. ಹಣೆಗೆ ಭಂಡಾರ, ಕುಂಕುಮ. ಕೊರಳಿಗೆ ಚೆಂಡುಹೂವು. ಪೆಡಲ್ಲಿಗೆ ಅರಿಷಿಣದ ದಾರ. ತಗಡು ಇಡುವಲ್ಲಿ ಒಂದು ಲಿಂಬೆಹಣ್ಣು. ಮುಂದೆ ಸಾವಂತ್ರೆವ್ವ ಕಣ್ಣು ಮುಚ್ಚಿ ಕೂತಿದ್ದಳು.

"ದುರ್ಗವ್ವಾ, ನನ್ನ ಮಂದಿ ಕೈ ನಿನ್ನ ಉಡ್ಯಾಗ ಹಾಕೇನಿ."

ಆ ದನಿಯಲ್ಲಿ ಆಟವಿರಲಿಲ್ಲ. ಅಷ್ಟು ದಣಿದ ಹೆಂಗಸಿನ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಏನಬೇ ಇದು?" ಎಂದ ಸಾಹುಕಾರ.

"ಪೂಜಿ ಕಟ್ಟೇನ್ರಿ. ನೀವು ದಸರಾಕ್ಕ ಕಟ್ಟತೀರಲ್ಲ, ಹಂಗ. ಐದು ದಿನ ಮುಟ್ಟಂಗಿಲ್ಲ. ಜಾಳಿ ತಂದು ಹಾಕ್ರಿ, ಈಗಿಂದೀಗ ಇಳಸ್ತೇನಿ."

ಪೂಜೆ ಕಟ್ಟಿದ ಮಷೀನನ್ನು ಇಳಿಸುವ ತನಕ ಮುಟ್ಟಬಾರದು, ಇದು ಸಾಹುಕಾರನದೇ ಕಟ್ಟಳೆ. ದಸರೆಯಲ್ಲಿ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾನೆ. ವರ್ಷವೆಲ್ಲ ನಮ್ಮ ಬೆವರು ಕುಡಿದ ಮಷೀನಿಗೆ ಆಗ ಮಾತ್ರ ಮಡಿ.

ಸಾಹುಕಾರನಿಗೆ ಧೈರ್ಯ ಬರಲಿಲ್ಲ. ಅಯ್ಯನಿಗೆ ಫೋನು ಹೋಯಿತು. ಅಯ್ಯ ಬಂದ, ಬಗ್ಗಿದ, ಹಣ್ಣಿನ ಹತ್ತಿರ ತನಕ ಕೈ ಚಾಚಿ ಹಿಂದೆಳೆದುಕೊಂಡ.

"ಆಕಿ ಮುಟ್ಟಿದ್ದು ನಾ ಹೆಂಗ ಮುಟ್ಲಿ? ಮನಿಗೆ ಹೋಗಿ ಜಳಕಾ ಮಾಡಬೇಕಾಕೈತಿ."

ಇಬ್ಬರು ದೊಡ್ಡ ಮನುಷ್ಯರು ಒಂದು ಲಿಂಬೆಹಣ್ಣನ್ನು ಹಾವು ನೋಡಿದಂತೆ ನೋಡುತ್ತ ನಿಂತರು. ಆಮೇಲೆ ಸಾಹುಕಾರ ನನ್ನತ್ತ ತಿರುಗಿದ.

"ಹುಚ್ಚ್ಯಾ, ನೀ ಆಕಿ ಓಣ್ಯಾಂವ. ನೀ ತಗಿ."

ಶೆಡ್ಡಿನ ಮೇಲಿನ ಪತ್ರಾಸು ಹಾರಿಹೋಗುವಂತೆ ನಾನು ನಕ್ಕೆ. ಹಣ್ಣೆತ್ತಿ ಸಾಹುಕಾರನ ಹಣೆಗೇ ಬೀಸಿದೆ! ಅದು ಅವನ ವಿಭೂತಿ ಒರೆಸಿ, ಅಯ್ಯನ ಬೋಳುತಲೆಗೆ ಬಡಿದು, ಪುಟಿದು, ಪೇಟೆಯ ನಡುವಿನ ದುರ್ಗದಬೈಲಿನ ತನಕ ಉರುಳಿ...

"ಕಿಸೇದಾಗ ಏನೈತೋ ಹುಚ್ಚಪ್ಪ?" ಚಹಾದ ಬಸಿ ಕೆಳಗಿಟ್ಟು ಜಾವೀದ ನಡುವೆ ಬಾಯಿ ಹಾಕಿದ.

"ಏನಿಲ್ಲೋ. ತಂಬಾಕು."

"ಖರೇ?"

ಮೂರು ಬೆರಳಿನ ಕೈ ನನ್ನ ಅಂಗಿಯ ಕಿಸೆಯೊಳಗೆ ಬಂತು. ಸಿಕ್ಕಿದ್ದನ್ನು ತೆಗೆದು ಬಸಿಯಲ್ಲಿಟ್ಟಿತು. ಒಣಗಿ ಕಪ್ಪಾದ ಲಿಂಬೆಹಣ್ಣು. ಈ ಸಲ ಯಾರೂ ನಗಲಿಲ್ಲ.

ಹೌದು. ನಾನು ಎಸೆಯಲಿಲ್ಲ. "ಹೂಂರಿ ಸಾಹುಕಾರ್ರ" ಎಂದೆ. ಬಗ್ಗಿ ಹಣ್ಣು ತೆಗೆದೆ. ಗಂಟು ಬಿಚ್ಚಲು ಬಾರದೆ ದಾರವನ್ನು ನಾಯಿಯಂತೆ ಹಲ್ಲಿನಿಂದ ಹರಿದೆ. ಒಂಬತ್ತು ದಿನದ ಮಾತೂ ಸುಳ್ಳು. ಎರಡನೆಯ ದಿನವೇ ಪ್ರೆಸ್ಸಿನ ಮುಂದೆ ತೂಕಡಿಸಿ ಬಿದ್ದವನು ನಾನು. ಮುಖಕ್ಕೆ ನೀರು ಹೊಡೆದು ಎಬ್ಬಿಸಿದವಳು ಸಾವಂತ್ರೆವ್ವ.

ಆಕೆ ನನ್ನನ್ನು ಬೈಯಲಿಲ್ಲ. ಹಣ್ಣನ್ನು ಸೆರಗಿನಿಂದ ಒರೆಸಿ ನನ್ನ ಕಿಸೆಗೆ ಹಾಕಿದಳು.

"ಇಟ್ಕೋ ತಮ್ಮಾ. ಮುಂದಿನ ಸಲ ನೀನ ಇಡಬೇಕು."

ಹಾಗೆಂದು ಹೋಗಿ ಪ್ರೆಸ್ಸಿನ ಮುಂದೆ ಕೂತು ಪೆಡಲ್ ತುಳಿದಳು.

ಹನ್ನೊಂದು ದಿನವಾಯಿತು. ಜಾಳಿ ಇನ್ನೂ ಪತ್ರಿಗಿಡ ಕಾಯುತ್ತಿದೆ. ಸಂಜೆ ಗೇಟಿನಲ್ಲಿ ಉಳಿದವರು ಸಾವಂತ್ರೆವ್ವನ ಮುಖ ನೋಡಿ ಮಾತಾಡಿಸುತ್ತಾರೆ, ನಾನು ಕೈ ನೋಡುತ್ತೇನೆ. ಇವತ್ತು ಹತ್ತೂ ಬೆರಳು ಇದ್ದವು.

ಜಾವೀದ ಹಣ್ಣಿದ್ದ ಬಸಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.