ಗದಗಿನ ಬಸ್ಸಿಗೆ ಹೀಟರ್ ಯಾಕೆ?

ಗದಗಿನ ಬಿಸಿಲಿನ ಬಸ್ಸಿಗೆ ಹೀಟರ್ ಯಾಕೆ ಎಂದು ನಿಮಗೆ ನಗು ಬರಬಹುದು. ನಗಿ, ನನಗೇನೂ ಬೇಜಾರಿಲ್ಲ; ನನ್ನನ್ನು ಕಂಡು ನಗದವರು ಯಾರಿದ್ದಾರೆ! ನಾನು ಒಂದು ತಗಡಿನ ಪೆಟ್ಟಿಗೆ. ಹೊಟ್ಟೆಯಲ್ಲಿ ತಾಮ್ರದ ಕೊಳವೆ, ಬೆನ್ನಿಗೆ ಪುಟ್ಟ ಫ್ಯಾನು. ಇಂಜಿನ್ನಿನ ಬಿಸಿನೀರು ನನ್ನೊಳಗೆ ಹರಿದರೆ, ಆ ಬಿಸಿಯನ್ನು ಗಾಳಿಗೆ ಕೊಟ್ಟು ಮುಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ಮೇಲಕ್ಕೆ ಊದುತ್ತೇನೆ. ಗಾಜಿನ ಮಸುಕು ಬಿಟ್ಟು ಡ್ರೈವರನಿಗೆ ದಾರಿ ಕಾಣುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಕೂರಿಸಿದ್ದು ಹಿಮದ ನಾಡಿಗೆ ಹೋಗಬೇಕಿದ್ದ ಬಸ್ಸಿಗೆ. ಅಲ್ಲಿಯವರು ಬೇಡವೆಂದರು, ಗದಗಿನ ಸೋಮನಗೌಡರು ಕೊಂಡರು. ನನ್ನ ಹಣೆಬರಹ!

ಗೌಡರದು ಯಾತ್ರೆಯ ಬಸ್ಸು, ಡ್ರೈವರ್ ಫಕೀರಪ್ಪ. ಮೊದಲ ಬೇಸಿಗೆಯಲ್ಲೇ ಅವನು, "ಕಾಲು ಸುಡಾಕತ್ತಾವಲ್ಲೋ ಮಾರಾಯಾ!" ಎಂದು ಮಿಸ್ತ್ರಿಯನ್ನು ಕರೆಸಿ ನನ್ನ ನೀರಿನ ವಾಲ್ವನ್ನು ಬಿಗಿಯಾಗಿ ಮುಚ್ಚಿಸಿಬಿಟ್ಟ. ಅವನನ್ನೇನು ಬೈಯುವುದು, ಸುಡುತ್ತಿದ್ದದ್ದು ನಿಜ. ಆಮೇಲೆ ಗೌಡರ ತಾಯಿ ಡ್ರೈವರನ ಮುಂದಿನ ಸೀಳುಗಳ ಮೇಲೆಯೇ ಕಟ್ಟಿಗೆಯ ಮಂಟಪ ಇಟ್ಟು ಹಿತ್ತಾಳೆಯ ಗಣಪನನ್ನು ಕೂರಿಸಿದರು. ದಿನಾ ಪೂಜೆ, ಊದುಬತ್ತಿ, ಅಕ್ಷತೆ. ಕಾಳೆಲ್ಲ ನನ್ನ ಬಾಯಿಗೇ ಉದುರುತ್ತಿದ್ದವು. ಗಣಪನ ಕೆಳಗೆ ಒಬ್ಬ ನಿರುದ್ಯೋಗಿ ಇದ್ದಾನೆಂಬುದನ್ನು ಎಲ್ಲರೂ ಮರೆತರು.

ಹೀಗೇ ವರ್ಷಗಳು ಕಳೆದವು. ಒಮ್ಮೆ ದಸರೆ ಮುಗಿದ ಮೇಲೆ ಬಸ್ಸು ಬದರಿಗೆ ಹೊರಟಿತು. ಮುಂದಿನ ಸೀಟಿನಲ್ಲಿ ಶಿವಗಂಗವ್ವ ಎಂಬ ಮುದುಕಿ. ಎಷ್ಟೋ ವರ್ಷಕ್ಕೆ ಬಸುರಾಗಿದ್ದ ಮಗಳು ನೀಲಾಳಿಗಾಗಿ ಹೊತ್ತ ಹರಕೆ ತೀರಿಸಲು ಬಂದವಳು. ದೇವರಿಗೆ ಕೈ ಮುಗಿದಳೇ ಹೊರತು ಜೀವವೆಲ್ಲ ಮನೆಯಲ್ಲೇ ಇತ್ತು. ಬಸ್ಸು ನಿಂತಲ್ಲೆಲ್ಲ ಒಂದೇ ಮಾತು: "ಫಕೀರಪ್ಪಾ, ಆಕಿಗೆ ದಿನಾ ತುಂಬ್ಯಾವಪಾ. ಹಡಿಯೂ ಮುಂದ ನಾ ಆಕಿ ಹಂತ್ಯಾಕ ಇರಬೇಕು. ಹೊತ್ತಿಗೆ ಸರಿಯಾಗಿ ಮನಿ ಮುಟ್ಟಸು."

ಬದರಿಯಿಂದ ಇಳಿಯುವಾಗ ಮಧ್ಯಾಹ್ನವೇ ಹಿಮ ಬೀಳತೊಡಗಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ. ಜನ ಕಿಟಕಿಗಳನ್ನೆಲ್ಲ ಮುಚ್ಚಿ, ಕಂಬಳಿ ಹೊದ್ದು ಭಜನೆ ಶುರುಮಾಡಿದರು. ಅಷ್ಟೂ ಜನರ ಉಸಿರು ಮಂಜಾಗಿ ಗಾಜಿಗೆ ಕೂತಿತು. ಫಕೀರಪ್ಪ ಬಟ್ಟೆಯಿಂದ ಒರೆಸಿದ, ಬಟಾಟೆ ಹೋಳು ತಿಕ್ಕಿದ. ಕ್ಷಣ ಬಿಟ್ಟು ಮತ್ತೆ ಅದೇ ಮಸುಕು. ಕೊನೆಗೆ ಬಸ್ಸು ನಿಲ್ಲಿಸಿಬಿಟ್ಟ.

"ಏನೂ ಕಾಣವಲ್ದು ಯವ್ವಾ. ಇಲ್ಲೇ ನಿಂತ್ರ ರಸ್ತೆ ಮುಚ್ಚಿ ಹೋಗತೈತಿ. ಆಮ್ಯಾಲೆ ಎಷ್ಟು ದಿನಾನೋ!"

ಶಿವಗಂಗವ್ವನ ಮುಖ ಸಪ್ಪಗಾಯಿತು. "ಹಂಗಾರ ನನ್ನ ನೀಲಾ?" ಎಂದಳು. ಆ ದನಿ ಕೇಳಿ ನನ್ನ ತಗಡಿನ ಎದೆಯೂ ಚುರ್ ಎಂದಿತು.

ಫಕೀರಪ್ಪ ಹಣೆ ಚಚ್ಚಿಕೊಂಡ. "ಥೂ ನನ್ನ! ಹೀಟರ್ ಐತೆಲ್ಲ!"

ಇಂಜಿನ್ನಿನ ಮುಚ್ಚಳ ತೆಗೆದು, ಇಕ್ಕಳ ಹಾಕಿ, ತುಕ್ಕು ಹಿಡಿದ ವಾಲ್ವನ್ನು "ತಿರುಗು ನಮ್ಮಪ್ಪಾ, ತಿರುಗು" ಎಂದು ಬೇಡಿಕೊಳ್ಳುತ್ತ ತಿರುಗಿಸಿದ. ಬಿಸಿನೀರು ಒಳಗೆ ಬಂತು. ಅಬ್ಬಾ, ಎಷ್ಟು ವರ್ಷದ ಮೇಲೆ! ಸ್ವಿಚ್ಚು ಒತ್ತಿದಾಗ ಮೊದಲು ಅಕ್ಷತೆ, ಒಣಹೂವು, ಊದುಬತ್ತಿಯ ಬೂದಿಯನ್ನೆಲ್ಲ ಉಗುಳಿದೆ. ಎಡಗಡೆಯ ಗಾಜು ತಿಳಿಯಾಗತೊಡಗಿತು. ಆದರೆ ಡ್ರೈವರನ ಮುಂದೆ ನನ್ನ ಬಾಯಿಯ ಮೇಲೆ ಗಣಪ ಕೂತಿದ್ದನಲ್ಲ! ಫಕೀರಪ್ಪ ಕೈ ಚಾಚಿದ, ಮತ್ತೆ ಹಿಂದಕ್ಕೆಳೆದುಕೊಂಡ. ಹಿಂದಿನಿಂದ ಯಾರೋ, "ಇಂಥಾ ಹೊತ್ತಿನ್ಯಾಗ ದೇವರನ್ನ ಎಬ್ಬಸಬ್ಯಾಡೋ!" ಎಂದು ಕೂಗಿದರು.

ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಬಾರಪಾ ಗಣಪ್ಪಾ, ನನ್ನ ಉಡ್ಯಾಗ ಕುಂದರು ಬಾ. ಅಲ್ಲಿ ನನ್ನ ಮಗಳು ದಾರಿ ನೋಡಾಕತ್ತಾಳ" ಎಂದು ಮಂಟಪ ಸಮೇತ ಎತ್ತಿಕೊಂಡೇಬಿಟ್ಟಳು. ಸೀಟಿಗೆ ಮರಳಿ ಅದನ್ನು ಉಡಿಯಲ್ಲಿಟ್ಟುಕೊಂಡಳು. ಕೂತಲ್ಲಿಂದಲೇ ಗದರಿಸಿದಳು: "ಕಿಟಕಿ ಒಂದೀಟು ತೆರೀರಿ. ಬಾಣಂತಿ ಖೋಲಿ ಪೂರಾ ಮುಚ್ಚಿದ್ರ ಗ್ವಾಡಿ ಬೆವರತಾವು, ಗೊತ್ತಿಲ್ಲೇನು?"

ನಾನು ಊದಿದೆ. ಜೀವ ಹೋದರೂ ಚಿಂತೆಯಿಲ್ಲ ಎಂದು ಊದಿದೆ. ಗಾಜಿನ ಮೇಲೆ ಮೊದಲು ರೊಟ್ಟಿಯಗಲ ತಿಳಿಯಾಯಿತು, ನಂತರ ಹಿಟ್ಟು ನಾದುವ ಪರಾತದಗಲ. ರಸ್ತೆ ಕಂಡಿತು. ಕೆಳಗಿನ ಊರು ಮುಟ್ಟುವವರೆಗೆ ಫಕೀರಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಅಲ್ಲಿ ಎಲ್ಲರೂ ಗಣಪನಿಗೆ ಅಡ್ಡಬಿದ್ದರು. "ಗಣಪ್ಪನೇ ದಾರಿ ತೋರಿಸಿದ" ಎಂದರು.

"ಹೌದು, ಅವನ ದಯಾ," ಎಂದು ಶಿವಗಂಗವ್ವ ನಕ್ಕಳು. "ಆದ್ರ ಅಂವ ನನ್ನ ಉಡ್ಯಾಗ ಬೆಚ್ಚಗ ಕುಂತಿದ್ದ. ದುಡದಿದ್ದು ಈ ಡಬ್ಬಿ." ಬಗ್ಗಿ ನನ್ನ ನೆತ್ತಿಗೆ ಕುಂಕುಮ ಹಚ್ಚಿದಳು. ಹುಟ್ಟಿದಾಗಿನಿಂದ ನನ್ನನ್ನು ಹಾಗೆ ಮುಟ್ಟಿದವರು ಯಾರೂ ಇರಲಿಲ್ಲ.

ಆಮೇಲೆ ಗಣಪನಿಗೆ ಪಕ್ಕದಲ್ಲಿ ಬೇರೆ ಜಾಗ ಸಿಕ್ಕಿತು. ಪ್ರತಿ ಬದರಿ ಯಾತ್ರೆಗೆ ಮುಂಚೆ ಫಕೀರಪ್ಪ ನನ್ನ ಪೈಪು ಸೋರುತ್ತಿದೆಯೇ ನೋಡುತ್ತಿದ್ದ, ಫ್ಯಾನಿನ ಧೂಳು ಒರೆಸುತ್ತಿದ್ದ, ವಾಲ್ವನ್ನು ಎರಡು ಸಲ ತಿರುಗಿಸಿ ಸಡಿಲ ಮಾಡುತ್ತಿದ್ದ. ಆ ಕೈಗಳ ಋಣ ನನ್ನ ಮೇಲಿದೆ.

ಈಗ ನಾನು ಹುಬ್ಬಳ್ಳಿ ರಸ್ತೆಯ ಗುಜರಿಯಲ್ಲಿದ್ದೇನೆ. ಕೊಳವೆ ಕಿತ್ತು ಮಾರಿದ್ದಾರೆ, ಫ್ಯಾನು ಯಾರದೋ ಪಾಲಾಯಿತು. ಬದುಕಿನಲ್ಲಿ ನಾನು ಮೈಮುರಿದು ದುಡಿದ ಸಂಜೆಗಳು ಬೆರಳೆಣಿಕೆಯಷ್ಟು. ಆದರೂ ಕೊರಗಿಲ್ಲ. ಆ ಯಾತ್ರೆ ಮುಗಿದ ವಾರದಲ್ಲೇ ಫಕೀರಪ್ಪ ಸ್ಟೇರಿಂಗ್ ಮುಂದೆ ಕೂತು, ಶಿವಗಂಗವ್ವ ಕೊಟ್ಟ ಬಾಣಂತಿಯ ಅಂಟಿನ ಉಂಡಿ ಮೆಲ್ಲುತ್ತ, ಸುತ್ತ ಯಾರೂ ಇಲ್ಲದಾಗ ನನಗೊಂದು ಸುದ್ದಿ ಹೇಳಿದ್ದ.

"ಕೇಳಿದ್ಯಾ? ನೀಲಾ ಹೆಣ್ಣು ಹಡದಳು. ಕೂಸನ್ನ ಮೊದಲ ಎತ್ತಿಕೊಂಡಾಕಿ ಶಿವಗಂಗವ್ವ."