ತೋಟಾ ತುಂಬ ಕುಂಕುಮ

ಕಪ್ಪಾದ ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದೂ ನನ್ನ ತಪ್ಪೇ? ಇಲ್ಲಿ ಗಲ್ಫಿನಲ್ಲಿ, ಅಲ್ ರೀಮ್ ಐಲ್ಯಾಂಡಿನ ಮಗಳ ಫ್ಲಾಟಿನಲ್ಲಿ ಪಾತ್ರೆ ತೊಳೆಯೋದಕ್ಕೂ ಮಿಷನ್ನು, ನೆಲ ಒರೆಸೋದಕ್ಕೂ ಮಿಷನ್ನು. ಹಾಗಿರುವಾಗ ಕಪಾಟಿನಲ್ಲಿ ಒಂದು ಡಬ್ಬದ ತುಂಬ ಮಸಿ ಹಿಡಿದ ಹಿತ್ತಾಳೆ ಕೊಳವೆಗಳು ಸಿಕ್ಕವು. ಬೆರಳುದ್ದ, ತಳ ಮುಚ್ಚಿದೆ, ಬಾಯಿ ತೆರೆದಿದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ ನೋಡಿ, ಚಿನ್ನದ ಹಾಗೆ ಹೊಳೆದವು. ಕುಂಕುಮದ ಭರಣಿಗೆ ಇದಕ್ಕಿಂತ ಇನ್ನೇನು ಬೇಕು?

ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಬಿಲ್ಡಿಂಗಿನ ಮುತ್ತೈದೆಯರಿಗೆಲ್ಲ ಒಂದೊಂದು ಕೊಟ್ಟೆ. ಎದುರು ಫ್ಲಾಟಿನ ಫಹಮೀದಾ ಭಟ್ಕಳದವಳು. ಅವಳದಕ್ಕೆ ಕುಂಕುಮದ ಬದಲು ಏಲಕ್ಕಿ ತುಂಬಿದೆ. "ಎಷ್ಟು ಚಂದ ಉಂಟು ಅಮ್ಮ" ಅಂದಳು. ನಾನೂ ಉಬ್ಬಿಹೋದೆ.

ಸೋಮವಾರ ಅಳಿಯಂದಿರು, ಗುರುದತ್ತ, ಆಫೀಸಿನಿಂದ ಬೇಗ ಬಂದರು. ಮುಖ ಬಿಳಿಚಿಕೊಂಡಿತ್ತು. "ಅತ್ತೆ, ಇಲ್ಲೊಂದು ಡಬ್ಬ ಇತ್ತಲ್ಲ?"

ಆಮೇಲೆ ಗೊತ್ತಾಯಿತು. ಅವು ಬಂದೂಕಿನ ತೋಟಾಗಳಂತೆ, ಒಂದು ಸಲ ಹೊಡೆದು ಖಾಲಿಯಾದವು. ಅವಕ್ಕೇ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಿ ಹೊಡೆಯಬಹುದು ಅಂತ ಅಳಿಯಂದಿರು ಫೋನಿನಲ್ಲಿ ನೋಡಿ, ಯಾರೋ ಆನ್‌ಲೈನಿನಲ್ಲಿ ಮಾರುತ್ತಿದ್ದದ್ದನ್ನು ತರಿಸಿದ್ದಾರೆ. ಈ ದೇಶದಲ್ಲಿ ಅನುಮತಿ ಇಲ್ಲದೆ ಅಂಥದ್ದನ್ನು ಮನೆಯಲ್ಲಿಟ್ಟರೆ ಕಷ್ಟ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಹೆದರಿ ತಾವೇ ಪೊಲೀಸರಿಗೆ ಫೋನ್ ಮಾಡಿದರು. "ಒಂದನ್ನೂ ಬಿಡದೆ ತಂದುಕೊಡಿ" ಅಂತ ಪೊಲೀಸರು ಅಂದರಂತೆ.

ನಾನು ಹಂಚಿದ ಕಥೆ ಕೇಳಿ ಅವರು ನೆಲದ ಮೇಲೇ ಕೂತುಬಿಟ್ಟರು. ಮಗಳು ಗಾನವಿ, "ಇವರ ವೀಸಾ ಹೋದರೆ ಕೆಲಸ, ಮನೆ ಎಲ್ಲ ಹೋಯಿತಮ್ಮ" ಅಂದಳು.

"ವಾಟ್ಸಾಪ್ ಗ್ರೂಪಿನಲ್ಲಿ ಹಾಕಲಾ?" ಅಂದರು ಅಳಿಯಂದಿರು.

"ತೋಟಾ ಅಂತ ಹಾಕಿ, ಇಡೀ ಬಿಲ್ಡಿಂಗ್ ರಸ್ತೆಗೆ ಬಂದು ನಿಲ್ಲುತ್ತೆ" ಅಂದಳು ಗಾನವಿ.

ಮುತ್ತೈದೆಗೆ ಕೊಟ್ಟ ಕುಂಕುಮ ವಾಪಸ್ ಕೇಳೋದು ಅಂದರೆ ನನಗೆ ಪ್ರಾಣ ಹೋದಷ್ಟು ಸಂಕಟ. ಆದರೂ ಸ್ಟೀಲ್ ಬಟ್ಟಲುಗಳನ್ನು ಹಿಡಿದು ಮನೆಮನೆ ಹತ್ತಿಳಿದೆ. "ಪೂಜೆಯಲ್ಲಿ ಲೋಪ ಆಗಿದೆ ಕಣಮ್ಮ. ಕುಂಕುಮ ಈ ಬಟ್ಟಲಿಗೆ ಹಾಕಿಕೋ, ಭರಣಿ ಕೊಟ್ಟುಬಿಡು." ಪಾಪ, ಎಲ್ಲರೂ ಕೊಟ್ಟರು. ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿ ಕೊಟ್ಟರು. ಫಹಮೀದಾಳ ಮಗಳು ದುಆ ತಮ್ಮದನ್ನು ಪೀಪಿ ಮಾಡಿಕೊಂಡು ಲಿಫ್ಟಿನ ಹತ್ತಿರ ಊದುತ್ತಿದ್ದಳು. ಚಾಕಲೇಟು ಕೊಟ್ಟು ಬಿಡಿಸಿಕೊಂಡೆ.

ಅಳಿಯಂದಿರ ಜೊತೆ ಸ್ಟೇಷನ್ನಿಗೆ ನಾನೂ ಹೋದೆ. ಆಫೀಸರ್ ಚಿಕ್ಕ ವಯಸ್ಸಿನವನು. ಒಂದು ತೋಟಾ ಎತ್ತಿ ಬಗ್ಗಿಸಿದ, ಮೇಜಿನ ಮೇಲೆ ಸಕ್ಕರೆ ಸುರಿಯಿತು. ಅವನ ಹುಬ್ಬು ಗಂಟಿಕ್ಕಿತು. ಇಂಗ್ಲಿಷಿನಲ್ಲಿ ಏನೋ ಕೇಳಿದ. ದಿನವಿಡೀ ಇಂಗ್ಲಿಷಿನಲ್ಲೇ ಮೀಟಿಂಗ್ ಮಾಡುವ ನಮ್ಮ ಅಳಿಯಂದಿರ ಬಾಯಿ ಕಟ್ಟಿಹೋಯಿತು. ಅವನು ಮತ್ತೆ ಕೇಳಿದ, ಈ ಸಲ ದನಿ ಗಡುಸಾಗಿತ್ತು.

ಮಗಳ ಮದುವೆಯಾದಾಗಿನಿಂದ ಅಳಿಯಂದಿರ ಹತ್ತಿರ ನನ್ನ ಮಾತೆಂದರೆ ಊಟ ಮಾಡಿ, ಕಾಫಿ ತರಲಾ, ಇಷ್ಟೇ. ಅವತ್ತು ತಡೆಯಲಾಗಲಿಲ್ಲ. ಕನ್ನಡದಲ್ಲೇ ಶುರುಮಾಡಿದೆ. "ನೋಡಪ್ಪ, ಇವರು ಕೆಟ್ಟವರಲ್ಲ, ಪೆದ್ದರು. ಜಿರಳೆ ಕಂಡರೆ ನನ್ನನ್ನು ಕೂಗ್ತಾರೆ, ಇನ್ನು ಗುಂಡು ಹೊಡೆದು ಯಾರನ್ನ ಸಾಯಿಸ್ತಾರೆ? ಫೋನಿನಲ್ಲಿ ಕಂಡಿದ್ದೆಲ್ಲ ತರಿಸೋ ಚಟ. ಚಪಾತಿ ಮಿಷನ್ ತರಿಸಿದರು, ಅದು ಹಪ್ಪಳ ಮಾಡ್ತು. ನನ್ನ ಮಗಳನ್ನು ಚೆನ್ನಾಗಿ ನೋಡ್ಕೊಂಡಿದ್ದಾರೆ. ಇವರನ್ನ ಬಿಟ್ಟುಬಿಡು."

ಏನು ಹೇಳುತ್ತಿದ್ದಾರೆ ಅನ್ನುವ ಹಾಗೆ ಆಫೀಸರ್ ಅಳಿಯಂದಿರ ಕಡೆ ನೋಡಿದ. ಅವರು ನನ್ನ ಕಡೆ ನೋಡಿದರು. ಏನಾದರೂ ಕಟ್ಟಿ ಹೇಳಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು? ಆದರೆ ಆ ಪುಣ್ಯಾತ್ಮ ನಾನಂದದ್ದೆಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಜಿರಳೆಯ ಮಾತು ಬಂದಾಗ ನನಗೂ ಗೊತ್ತಾಯಿತು, ಮೇಜಿನ ಮೇಲೆ ಬೆರಳು ಓಡಿಸಿ ತೋರಿಸಿದರು. ಆಫೀಸರ್ ಕುರ್ಚಿಗೊರಗಿ ನಕ್ಕ. ಎಲ್ಲ ಎಣಿಸಿಕೊಂಡು, ಒಂದು ಸಹಿ ಹಾಕಿಸಿ, "ಖಲಾಸ್" ಅಂದ. ಆಮೇಲೆ ನನ್ನ ಕಡೆ ಕೈತೋರಿಸಿ ಇನ್ನೂ ಏನೋ ಹೇಳಿದ.

"ಏನಂತೆ?" ಅಂತ ಕೇಳಿದೆ.

ಅಳಿಯಂದಿರು ತಲೆ ತಗ್ಗಿಸಿದರು. "ಇನ್ನು ಮುಂದೆ ಏನೇ ತರಿಸೋದಿದ್ದರೂ ನಿಮ್ಮನ್ನು ಕೇಳಿಯೇ ತರಿಸಬೇಕಂತೆ, ಅತ್ತೆ."